ಅಮೆರಿಕದ ಪೂರ್ವಜರ ತಂದೆತಾಯಿ ಯಾರೆಂದು ಖಚಿತವಾಗದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ವಂಶವೃಕ್ಷದಲ್ಲಿ ಮಗುವಿನ ಹೆಸರಿನಿಂದ ತಂದೆತಾಯಿಯ ಹೆಸರಿಗೆ ಎಳೆದ ಪ್ರತಿಯೊಂದು ಗೆರೆಯೂ ಒಂದು ಹೇಳಿಕೆ, ಮತ್ತು ಪ್ರತಿಯೊಂದು ಹೇಳಿಕೆಗೂ ಆಧಾರ ಬೇಕು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಅಮೆರಿಕದ ಪೂರ್ವಜರ ವಿಷಯದಲ್ಲಿ ಈ ಗೆರೆಯೇ ಎಲ್ಲಕ್ಕಿಂತ ದುರ್ಬಲವಾಗಿರುತ್ತದೆ. ಜನನಗಳನ್ನು ರಾಜ್ಯದ ಮಟ್ಟದಲ್ಲಿ ನೋಂದಾಯಿಸುವ ಪದ್ಧತಿ ಮ್ಯಾಸಚೂಸೆಟ್ಸ್‌ನಲ್ಲಿ 1841ರಲ್ಲಿ ಬಂತು. ವರ್ಜೀನಿಯದಲ್ಲಿ 1853ರಲ್ಲಿ ಆರಂಭವಾಗಿ, 1896ರಲ್ಲಿ ನಿಂತು, 1912ರಲ್ಲಿ ಮತ್ತೆ ಶುರುವಾಯಿತು. ಪೆನ್ಸಿಲ್ವೇನಿಯದಲ್ಲಿ ಅದು ನೆಲೆಗೊಂಡದ್ದು 1906ರಲ್ಲಿ. ಅದಕ್ಕೂ ಹಿಂದಿನವರ ಪಿತೃತ್ವವನ್ನು ಬೈಬಲ್ಲಿನ ಹಾಳೆ, ಉಯಿಲು, ಚರ್ಚಿನ ಪುಸ್ತಕ, ಜಮೀನಿನ ಕ್ರಯಪತ್ರ ಇವುಗಳಿಂದಲೇ ಕೂಡಿಸಿಕೊಳ್ಳಬೇಕಾಗುತ್ತದೆ. ಅಮೆರಿಕದ ಹಳೆಯ ಕುಟುಂಬಗಳೊಂದಿಗೆ ಮದುವೆಯ ಸಂಬಂಧ ಬೆಳೆಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳ ವಂಶವೃಕ್ಷದ ಒಂದು ಪಾರ್ಶ್ವ ಇಂಥ ಕಾಗದಗಳ ಮೇಲೆಯೇ ನಿಂತಿರುವುದರಿಂದ, ಇವನ್ನು ಓದುವ ಕ್ರಮವನ್ನು ಕನ್ನಡದಲ್ಲಿ ವಿವರವಾಗಿ ಬರೆದಿಡುವುದು ಅಗತ್ಯವೆಂದು ನನಗೆ ಅನ್ನಿಸಿದೆ.

ಉದಾಹರಣೆಗಾಗಿ ಉದ್ದಕ್ಕೂ ಒಂದೇ ಪ್ರಕರಣವನ್ನು ಹಿಡಿದುಕೊಳ್ಳುತ್ತೇನೆ. ಅಬ್ರಹಾಂ ಲಿಂಕನ್ನರ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಸುಮಾರು 1784ರಲ್ಲಿ ವರ್ಜೀನಿಯದಲ್ಲಿ ಹುಟ್ಟಿ, 1818ರ ಅಕ್ಟೋಬರ್ 5ರಂದು ಇಂಡಿಯಾನದಲ್ಲಿ ತೀರಿಕೊಂಡವರು. ಅವರ ತಂದೆತಾಯಿ ಯಾರೆಂಬುದು ನೂರು ವರ್ಷಗಳಿಗೂ ಮೀರಿ ಚರ್ಚೆಯಾಗಿದೆ. ಸಾಮಾನ್ಯ ಕುಟುಂಬಗಳ ಹುಡುಕಾಟದಲ್ಲಿ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಆ ಒಂದೇ ಪ್ರಕರಣದಲ್ಲಿ ಕಾಣಸಿಗುತ್ತವೆ.

ಲಕ್ಷಣ: ಒಬ್ಬರಿಗೇ ಬೇರೆ ಬೇರೆ ವಂಶವೃಕ್ಷಗಳು ಬೇರೆ ಬೇರೆ ತಂದೆತಾಯಿಯನ್ನು ತೋರಿಸುತ್ತವೆ

ಮೊದಲು ಮಾಡಬೇಕಾದ ಪರೀಕ್ಷೆಗೆ ಹಣ ಬೇಡ, ಒಂದು ಸಂಜೆಯ ಬಿಡುವು ಸಾಕು. ಒಂದು ಹಾಳೆಯ ಮೇಲೆ ಪ್ರತಿಯೊಂದು ಹೇಳಿಕೆಯನ್ನೂ ಬರೆದು, ಅದರ ಎದುರಿಗೆ ಅದು ಎಲ್ಲಿಂದ ಬಂದದ್ದು, ಅದನ್ನು ಬರೆದವರು ಯಾರು, ಹೇಳಿಕೆಯಲ್ಲಿರುವ ಘಟನೆ ನಡೆದ ಎಷ್ಟು ವರ್ಷಗಳ ಬಳಿಕ ಬರೆದರು ಎಂಬುದನ್ನು ನಮೂದಿಸಿ. ಹತ್ತು ವಂಶವೃಕ್ಷಗಳು ಒಂದೇ ಹೆಸರನ್ನು ಹೇಳಿದರೂ ಹತ್ತೂ ಒಂದೇ ಮೂಲದಿಂದ ನಕಲಾಗಿದ್ದರೆ ಅದು ಒಂದೇ ಸಾಕ್ಷ್ಯ. ಮೂಲವನ್ನೇ ಹೇಳದ ವಂಶವೃಕ್ಷವನ್ನು ಸುಳಿವು ಎಂದು ಇಟ್ಟುಕೊಳ್ಳಬಹುದು, ಆಧಾರವೆಂದು ಲೆಕ್ಕ ಹಿಡಿಯಬಾರದು.

ಅಚ್ಚಾದ ಹಳೆಯ ವಂಶಚರಿತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಿರಿವಂತ ಅಮೆರಿಕನ್ನರಿಗೆ ಇಂಗ್ಲೆಂಡಿನ ಗೌರವಸ್ಥ ಮೂಲ ಬೇಕಾಗಿತ್ತು, ಅದನ್ನು ಒದಗಿಸುವವರೂ ಇದ್ದರು. ಗುಸ್ತಾವ್ ಆಂಜೂ ಎಂಬಾತ ಹಣಕ್ಕಾಗಿ ಇಂಥ ಅನೇಕ ವಂಶಾವಳಿಗಳನ್ನು ತಯಾರಿಸಿಕೊಟ್ಟ. ನಿಜವಾದ ದಾಖಲೆಗಳ ಉಲ್ಲೇಖಗಳ ನಡುವೆ, ಅಮೆರಿಕಕ್ಕೆ ಬಂದವನನ್ನು ಇಂಗ್ಲೆಂಡಿನ ಮನೆತನಕ್ಕೆ ಜೋಡಿಸುವ ಕೊಂಡಿಯನ್ನು ಮಾತ್ರ ಸ್ವತಃ ಕಟ್ಟಿ ಸೇರಿಸುವುದು ಅವನ ವಿಧಾನ. ಆ ಕೃತಕ ಕೊಂಡಿಗಳು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬರುತ್ತಿವೆ. ವಂಶಾವಳಿಯ ಉಳಿದೆಲ್ಲ ಹಂತಗಳಿಗೂ ದಾಖಲೆ ಇದ್ದು, ಸಮುದ್ರ ದಾಟಿದ ತಲೆಮಾರಿನ ಹಂತಕ್ಕೆ ಮಾತ್ರ ಇಲ್ಲವೆಂದರೆ ದೋಷ ಬಹುಮಟ್ಟಿಗೆ ಅಲ್ಲೇ ಇರುತ್ತದೆ.

ಲಕ್ಷಣ: ಮನೆಯ ಬೈಬಲ್ಲಿನಲ್ಲಿ ಹೆಸರಿದೆ, ಆದರೆ ತಾರೀಖುಗಳು ಹೊಂದುವುದಿಲ್ಲ

ಅಣ್ಣ ತಮ್ಮಂದಿರ ನಡುವೆ ಎರಡೇ ತಿಂಗಳ ಅಂತರ, ಮದುವೆಗೆ ಮುಂಚೆ ಹುಟ್ಟಿದ ಮಗು, ಹುಟ್ಟುವುದಕ್ಕೂ ಮೊದಲೇ ನಡೆದ ದೀಕ್ಷಾಸ್ನಾನ: ಇಂಥವು ಕಂಡಾಗ ತಂದೆತಾಯಿಯನ್ನು ಅನುಮಾನಿಸುವ ಮುನ್ನ ಪಂಚಾಂಗವನ್ನು ಅನುಮಾನಿಸಿ. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ 1752ರ ಸುಧಾರಣೆಯವರೆಗೆ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಹೀಗಾಗಿ 1701ರ ಏಪ್ರಿಲ್‌ನಲ್ಲಿ ಹುಟ್ಟಿದವನು ಅಣ್ಣ, 1701ರ ಫೆಬ್ರವರಿಯಲ್ಲಿ ಹುಟ್ಟಿದವನು ಅವನಿಗಿಂತ ಹತ್ತು ತಿಂಗಳು ಕಿರಿಯ ತಮ್ಮ. ನಮ್ಮ ಲೆಕ್ಕದಲ್ಲಿ ಅದು 1702ರ ಫೆಬ್ರವರಿ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳುಗಳನ್ನು ಹೆಸರಿನಿಂದ ಕರೆಯದೆ ಅಂಕೆಯಿಂದ ಗುರುತಿಸುತ್ತಿದ್ದುದರಿಂದ ಅವರ ಹಳೆಯ ದಾಖಲೆಗಳಲ್ಲಿ ಮೊದಲನೆಯ ತಿಂಗಳೆಂದರೆ ಮಾರ್ಚ್. ಇದಲ್ಲದೆ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿದರು. ವಾಷಿಂಗ್ಟನ್ ಕುಟುಂಬದ ಬೈಬಲ್ಲಿನಲ್ಲಿ ಅಗಸ್ಟೀನ್ ಮತ್ತು ಅವನ ಹೆಂಡತಿ ಮೇರಿಯ ಮಗ ಜಾರ್ಜ್ 1731/2ರ ಫೆಬ್ರವರಿ 11ರಂದು ಹುಟ್ಟಿದನೆಂದು ಬರೆದಿದೆ. ಇಂದು ನಾವು 1732ರ ಫೆಬ್ರವರಿ 22 ಎನ್ನುವುದು ಅದೇ ದಿನವನ್ನು. ಓರೆಗೆರೆ ಹಾಕಿ ಎರಡು ವರ್ಷಗಳನ್ನು ಬರೆದದ್ದು ಕಂಡರೆ ಅದನ್ನು ತಿದ್ದದೆ ಹಾಗೆಯೇ ನಕಲು ಮಾಡಿಕೊಳ್ಳಬೇಕು, ಏಕೆಂದರೆ ಬರೆದವನಿಗೆ ಗೊಂದಲ ತಿಳಿದಿತ್ತು, ಅದನ್ನು ಅವನೇ ಬಿಡಿಸಿಟ್ಟಿದ್ದಾನೆ.

ಪಂಚಾಂಗದಿಂದ ತೊಡಕು ಬಿಡದಿದ್ದರೆ ಪುಸ್ತಕವನ್ನೇ ಪರೀಕ್ಷಿಸಿ. ಮೊದಲು ಮುಖಪುಟಕ್ಕೆ ತಿರುಗಿ ಅಚ್ಚಾದ ವರ್ಷವನ್ನು ನೋಡಿ. 1828ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1760ರ ಜನನವಿದ್ದರೆ, ಅದನ್ನು ಬರೆದವರು ಕಂಡದ್ದನ್ನು ಬರೆದಿಲ್ಲ, ಕೇಳಿದ್ದನ್ನೋ ಬೇರೊಂದು ಹಾಳೆಯಲ್ಲಿದ್ದುದನ್ನೋ ಬರೆದಿದ್ದಾರೆ. ಬಳಿಕ ಕಿಟಕಿಯ ಬೆಳಕಿನಲ್ಲಿ ಕೈಬರಹವನ್ನು ನೋಡಿ. ಒಂದೊಂದು ಜನನ ಆದಂತೆ ಬರೆದ ಪಟ್ಟಿಯಲ್ಲಿ ಶಾಯಿಯ ಬಣ್ಣ ಸಾಲಿನಿಂದ ಸಾಲಿಗೆ ಬದಲಾಗುತ್ತದೆ, ಒಂದು ಸಾಲು ಕಂದಾಗಿದ್ದರೆ ಇನ್ನೊಂದು ಕಪ್ಪಾಗಿರುತ್ತದೆ, ಲೇಖನಿಯ ಮೊನೆ ದಪ್ಪವಾಗಿಯೋ ಸಣ್ಣದಾಗಿಯೋ ಕಾಣುತ್ತದೆ, ತಾಯಿ ತೀರಿಕೊಂಡ ನಂತರ ಕೈಬರಹವೇ ಬೇರೆಯಾಗಿರಬಹುದು. ಎಂಟು ಮಕ್ಕಳ ಹೆಸರೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ, ಸಮನಾದ ಅಂತರದಲ್ಲಿ ಇದ್ದರೆ ಒಬ್ಬರೇ ಕುಳಿತು ಒಂದೇ ಸಲ ಬರೆದಿದ್ದಾರೆಂದು ತಿಳಿಯಬೇಕು. ಅಂಥ ಪಟ್ಟಿ ಸುಳ್ಳೆಂದು ಇದರ ಅರ್ಥವಲ್ಲ. ಅದರ ತೂಕ ಕಡಿಮೆಯಾಯಿತು, ಅಷ್ಟೆ.

ಮನೆಯಲ್ಲಿ ಬೈಬಲ್ ಉಳಿದಿಲ್ಲದಿದ್ದರೂ ನಿರಾಶರಾಗಬೇಕಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದವರ ವಿಧವೆಯರು 1836ರ ಮತ್ತು ಅದರ ನಂತರದ ಕಾಯಿದೆಗಳ ಪ್ರಕಾರ ಪಿಂಚಣಿ ಕೇಳುವಾಗ ಮದುವೆಯನ್ನು ರುಜುವಾತುಪಡಿಸಬೇಕಾಗಿತ್ತು. ಬೇರೆ ದಾಖಲೆಯಿಲ್ಲದ ಎಷ್ಟೋ ಹೆಂಗಸರು ಬೈಬಲ್ಲಿನ ಹಾಳೆಗಳನ್ನೇ ಕತ್ತರಿಸಿ ಅರ್ಜಿಯೊಂದಿಗೆ ಕಳಿಸಿದರು. ಆ ಹಾಳೆಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತಗಳಲ್ಲಿವೆ.

ಎಚ್ಚರಿಕೆ: ಹಳೆಯ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ ಹೊದಿಕೆ ಹಾಕಿಸಬಾರದು, ಮಾಸಿದ ಅಕ್ಷರ ಎದ್ದು ಕಾಣಲೆಂದು ಯಾವ ದ್ರವವನ್ನೂ ಸವರಬಾರದು. ಬದಿಯಿಂದ ಬೆಳಕು ಬೀಳುವಂತೆ ಇಟ್ಟು ಛಾಯಾಚಿತ್ರ ತೆಗೆದರೆ ಬಹಳಷ್ಟು ಅಕ್ಷರಗಳು ತಾವೇ ಕಾಣಿಸಿಕೊಳ್ಳುತ್ತವೆ. ಸಮಾಧಿಯ ಕಲ್ಲನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಬಾರದು, ಬ್ಲೀಚ್ ಮುಟ್ಟಿಸಬಾರದು, ಕ್ಷೌರದ ನೊರೆ ಬಳಿಯಬಾರದು.

ಲಕ್ಷಣ: ಹೆಸರು, ಊರು, ಕಾಲ ಎಲ್ಲವೂ ಹೊಂದುತ್ತವೆ, ಆದರೂ ಏನೋ ಸರಿಯಿಲ್ಲ

ಇದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದೂ ಇದೇ. ಜೋಸೆಫ್ ಹ್ಯಾಂಕ್ಸ್ ಎಂಬ ರೈತ ಕೆಂಟಕಿಯ ನೆಲ್ಸನ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) 1793ರ ಜನವರಿಯಲ್ಲಿ ಉಯಿಲು ಬರೆಸಿದ. ಗಂಡುಮಕ್ಕಳಿಗೆ ಒಂದೊಂದು ಕುದುರೆ, ಹೆಣ್ಣುಮಕ್ಕಳಿಗೆ ಒಂದೊಂದು ಕಡಸು. ಮಗಳು ನ್ಯಾನ್ಸಿಗೆ ಪೀಡಿ ಎಂಬ ಹೆಸರಿನ ಒಂದು ವರ್ಷದ ಕಡಸು. ಹೆಸರು ನ್ಯಾನ್ಸಿ ಹ್ಯಾಂಕ್ಸ್, ಸ್ಥಳ ಕೆಂಟಕಿ, ಕಾಲವೂ ಸರಿ. 1899ರಲ್ಲಿ ಪ್ರಕಟವಾದ ಒಂದು ಪುಸ್ತಕ ಇವಳೇ ಲಿಂಕನ್ನರ ತಾಯಿಯೆಂದು ಸಾರಿತು, ಅನೇಕರು ಒಪ್ಪಿಕೊಂಡರು. ಆದರೆ ಪೀಡಿಯನ್ನು ಪಡೆದ ನ್ಯಾನ್ಸಿಯ ಮುಂದಿನ ಬದುಕನ್ನು ಹಿಂಬಾಲಿಸಿದಾಗ ಅವಳು 1799ರಲ್ಲಿ ಹುಟ್ಟಿದ ಡೆನ್ನಿಸ್ ಹ್ಯಾಂಕ್ಸ್‌ನ ತಾಯಿ, ಮುಂದೆ ಲೆವಿ ಹಾಲ್ ಎಂಬವನ ಹೆಂಡತಿ ಎಂದು ಗೊತ್ತಾಯಿತು. ಒಂದೇ ಮನೆತನದಲ್ಲಿ, ಒಂದೇ ಕಾಲದಲ್ಲಿ ಇಬ್ಬರು ನ್ಯಾನ್ಸಿಯರು ಇದ್ದರು.

ಆದ್ದರಿಂದ ಸೂಕ್ತವಾಗಿ ಕಾಣುವ ಹೆಸರೊಂದು ಉಯಿಲಿನಲ್ಲಿ ಸಿಕ್ಕಾಗ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೋಗಬೇಕು. ಆ ಹೆಸರಿನ ವ್ಯಕ್ತಿ ಆಮೇಲೆ ಯಾರನ್ನು ಮದುವೆಯಾದಳು, ಎಲ್ಲಿ ತೆರಿಗೆ ಕಟ್ಟಿದ, ಎಲ್ಲಿ ಮಣ್ಣಾದ ಎಂದು ಕೊನೆಯವರೆಗೆ ನೋಡಿ. ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ನಡೆಸಿದ್ದು ಕಂಡರೆ ಆತ ನಿಮ್ಮ ಪೂರ್ವಜನಲ್ಲ, ಆ ತಂದೆಯೂ ನಿಮ್ಮ ಪೂರ್ವಜನ ತಂದೆಯಲ್ಲ. ಈ ಪರೀಕ್ಷೆಗೆ ಶ್ರಮ ಹೆಚ್ಚು, ಆದರೆ ಅದನ್ನು ಬಿಟ್ಟು ಮುಂದಿನ ಯಾವ ಪರೀಕ್ಷೆಗೂ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿನ ಜೊತೆಗೆ ಬರುವ ವಿಶೇಷಣಗಳೂ ದಾರಿ ತಪ್ಪಿಸುತ್ತವೆ. ವಸಾಹತು ಕಾಲದ ದಾಖಲೆಗಳಲ್ಲಿ ಸೀನಿಯರ್, ಜೂನಿಯರ್ ಎಂಬುವು ತಂದೆ ಮಗನನ್ನೇ ಸೂಚಿಸಬೇಕಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹಿರಿಯ, ಕಿರಿಯ ಎಂದು ಗುರುತಿಸಲು ಹಾಗೆ ಬರೆಯುತ್ತಿದ್ದರು. ಹಿರಿಯವನು ಸತ್ತ ಮೇಲೆ ಜೂನಿಯರ್ ಆಗಿದ್ದವನೇ ಸೀನಿಯರ್ ಆಗುತ್ತಾನೆ. ಕಸಿನ್ ಎಂದು ಬರೆದಲ್ಲಿ ಸೋದರಳಿಯನೋ ಸೋದರಸೊಸೆಯೋ ಇರಬಹುದು. ಮದರ್ ಇನ್ ಲಾ ಎಂಬುದು ಮಲತಾಯಿಯೂ ಆಗಬಹುದು, ಸನ್ ಇನ್ ಲಾ ಎಂಬುದು ಹೆಂಡತಿಯ ಹಿಂದಿನ ಮದುವೆಯ ಮಗನೂ ಆಗಬಹುದು. ನ್ಯಾಯಾಲಯದ ಪುಸ್ತಕದಲ್ಲಿ ಅನಾಥ ಎಂದು ಬರೆದ ಮಗುವಿನ ತಾಯಿ ಬದುಕಿರುವುದುಂಟು, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ತಂದೆ ಸತ್ತರೆ ಮಗು ಅನಾಥ.

ಲಕ್ಷಣ: ದಾಖಲೆಯೇ ಸಿಗುವುದಿಲ್ಲ

ದಾಖಲೆ ಇಲ್ಲವೆಂದು ತೀರ್ಮಾನಿಸುವ ಮುನ್ನ ಅದು ಏಕೆ ಸಿಗುತ್ತಿಲ್ಲವೆಂದು ಕೇಳಿಕೊಳ್ಳಬೇಕು. ಮೌನಕ್ಕೆ ಮೂರು ಕಾರಣಗಳಿರಬಹುದು: ದಾಖಲೆ ಬೇರೆ ಕಡೆ ಇದೆ, ನಾಶವಾಗಿದೆ, ಅಥವಾ ಆ ವಿವರವನ್ನು ಆ ಕಾಲದಲ್ಲಿ ಯಾರೂ ಬರೆಯುತ್ತಲೇ ಇರಲಿಲ್ಲ.

ಲಿಂಕನ್ನರ ತಂದೆತಾಯಿಯ ಮದುವೆಯ ದಾಖಲೆಗಾಗಿ ಅವರು ಸಂಸಾರ ಹೂಡಿದ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ, ಆ ಮೌನದಿಂದಲೇ ಮದುವೆಯಾಗಿರಲಿಲ್ಲವೆಂಬ ಅಪವಾದ ಹುಟ್ಟಿತು. ಮದುವೆ ನಡೆದದ್ದು ವಾಷಿಂಗ್ಟನ್ ಕೌಂಟಿಯಲ್ಲಿ. 1806ರ ಜೂನ್ 10ರ ಮದುವೆ ಬಾಂಡು (ಮದುವೆಗೆ ಕಾನೂನಿನ ಅಡ್ಡಿಯಿಲ್ಲವೆಂದು ಜಾಮೀನಿನೊಂದಿಗೆ ಬರೆದುಕೊಡುವ ಮುಚ್ಚಳಿಕೆ), ಜೂನ್ 12ರಂದು ಜೆಸ್ಸಿ ಹೆಡ್ ಎಂಬ ಪಾದ್ರಿ ಮದುವೆ ನಡೆಸಿಕೊಟ್ಟ ವರದಿ, ಎರಡೂ ಅಲ್ಲಿನ ನ್ಯಾಯಾಲಯದ ಕಡತಗಳಲ್ಲೇ ಇದ್ದವು. ಮದುವೆ ಸಾಮಾನ್ಯವಾಗಿ ಹೆಣ್ಣಿನ ಕಡೆಯವರಿದ್ದ ಕೌಂಟಿಯಲ್ಲಿ ದಾಖಲಾಗುತ್ತಿತ್ತು ಎಂಬುದು ನೆನಪಿದ್ದರೆ ಇಂಥ ತಪ್ಪು ಆಗುವುದಿಲ್ಲ.

ಗಡಿಗಳೂ ಸರಿಯುತ್ತವೆ. ಕೆಂಟಕಿ 1792ರವರೆಗೆ ವರ್ಜೀನಿಯದ ಭಾಗ. ನ್ಯಾನ್ಸಿ ಹುಟ್ಟಿದ್ದೆಂದು ಹೇಳಲಾಗುವ ಮೈಕ್ಸ್ ರನ್ ಎಂಬ ಸ್ಥಳ ಆಗ ವರ್ಜೀನಿಯದ ಹ್ಯಾಂಪ್‌ಷೈರ್ ಕೌಂಟಿಯಲ್ಲಿತ್ತು, 1863ರಲ್ಲಿ ಪಶ್ಚಿಮ ವರ್ಜೀನಿಯಕ್ಕೆ ಸೇರಿತು, 1866ರಲ್ಲಿ ರಚನೆಯಾದ ಮಿನರಲ್ ಕೌಂಟಿಗೆ ಹೋಯಿತು. ಕುಟುಂಬ ಕದಲದೆ ಇದ್ದಲ್ಲೇ ಇದ್ದರೂ ಅದರ ಕಾಗದಗಳು ಎರಡು ಮೂರು ಕಚೇರಿಗಳಲ್ಲಿ ಹಂಚಿಹೋಗಿರುತ್ತವೆ. ಪ್ರತಿ ಘಟನೆಯ ವರ್ಷದಲ್ಲಿ ಆ ಸ್ಥಳ ಯಾವ ಕೌಂಟಿಗೆ ಸೇರಿತ್ತೆಂದು ಪಟ್ಟಿ ಮಾಡಿಕೊಂಡೇ ಹುಡುಕಲು ಹೊರಡಿ.

ನಾಶವಾದುದರ ಬಗೆಗೂ ತಿಳಿದಿರಬೇಕು. ವರ್ಜೀನಿಯದ ಕೆಲವು ಕೌಂಟಿಗಳು ಅಂತರ್ಯುದ್ಧದ ವೇಳೆ ಸುರಕ್ಷತೆಗೆಂದು ರಿಚ್ಮಂಡಿಗೆ ಕಳಿಸಿದ ಪುಸ್ತಕಗಳು 1865ರ ಏಪ್ರಿಲ್‌ನ ಬೆಂಕಿಯಲ್ಲಿ ಸುಟ್ಟವು. 1890ರ ಜನಗಣತಿಯ ಪುಸ್ತಕಗಳು 1921ರ ಬೆಂಕಿಯಲ್ಲಿ ಕೆಟ್ಟು, ಬಹುಪಾಲು ಕೊನೆಗೆ ಉಳಿಯಲಿಲ್ಲ. ಇಂಥಲ್ಲಿ ತೆರಿಗೆ ಪಟ್ಟಿ, ಚರ್ಚಿನ ಪುಸ್ತಕ, ಪಕ್ಕದ ಕೌಂಟಿಯ ಕ್ರಯಪತ್ರಗಳತ್ತ ತಿರುಗಬೇಕು.

ಇನ್ನು ಬರೆಯದೇ ಬಿಟ್ಟದ್ದು. 1790ರಿಂದ 1840ರವರೆಗಿನ ಜನಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇದೆ, ಉಳಿದವರು ವಯಸ್ಸಿನ ಅಂಕಣಗಳಲ್ಲಿನ ಅಂಕೆಗಳು. ಸ್ವತಂತ್ರ ಜನರೆಲ್ಲರ ಹೆಸರು ಬಂದದ್ದು 1850ರಲ್ಲಿ. ಯಜಮಾನನಿಗೆ ಏನಾಗಬೇಕು ಎಂಬ ಸಂಬಂಧ ಬಂದದ್ದು 1880ರಲ್ಲಿ. ಆದ್ದರಿಂದ 1850ರ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಒಂದೇ ಅಡ್ಡಹೆಸರಿನ ಮಕ್ಕಳು ಕಂಡರೂ ಅವರು ಆ ಮನೆಯ ದಂಪತಿಗಳ ಮಕ್ಕಳೇ ಎಂದು ಆ ಪಟ್ಟಿ ಹೇಳುವುದಿಲ್ಲ. ಸತ್ತ ತಮ್ಮನ ಮಕ್ಕಳೂ ಆಗಿರಬಹುದು.

ಲಕ್ಷಣ: ತಂದೆಯೆಂದು ನಂಬಿದವನ ಉಯಿಲಿನಲ್ಲಿ ಮಗುವಿನ ಹೆಸರಿಲ್ಲ

ಉಯಿಲು ಆಸ್ತಿ ಹಂಚುವ ಕಾಗದವೇ ಹೊರತು ಮಕ್ಕಳ ಪಟ್ಟಿಯಲ್ಲ. ಮದುವೆಯಲ್ಲೇ ಪಾಲು ಪಡೆದ ಮಗಳ ಹೆಸರು ಬಿಟ್ಟುಹೋಗಿರಬಹುದು. ಜ್ಯೇಷ್ಠ ಪುತ್ರನ ಹಕ್ಕನ್ನು ವರ್ಜೀನಿಯ ರದ್ದುಮಾಡಿದ್ದು 1785ರ ಕಾಯಿದೆಯಿಂದ. ಅದಕ್ಕೆ ಮುನ್ನ ಉಯಿಲಿಲ್ಲದೆ ಸತ್ತವನ ಜಮೀನು ಹಿರಿಯ ಮಗನಿಗೇ ಹೋಗುತ್ತಿತ್ತು. ಅಲ್ಲಿ ಯಾವ ಕ್ರಯಪತ್ರವೂ ಇಲ್ಲದೆ ಒಬ್ಬನ ಜಮೀನನ್ನು ಇನ್ನೊಬ್ಬ ಮಾರಿದ್ದು ಕಂಡರೆ ಮಾರಿದವನು ಹಿರಿಯ ಮಗನಿರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಹಿರಿಯ ಮಗನಿಗೆ ಎರಡು ಪಾಲು ಸಲ್ಲುತ್ತಿದ್ದುದರಿಂದ, ಎಸ್ಟೇಟಿನ ವಿಭಾಗಪತ್ರದಲ್ಲಿ ಎರಡು ಪಾಲು ಯಾರಿಗೆ ಹೋಯಿತೆಂಬುದೇ ಸಂಬಂಧವನ್ನು ತಿಳಿಸುತ್ತದೆ.

ಹೆಣ್ಣಿನ ತವರು ತಿಳಿಯದಿದ್ದಾಗ ಮದುವೆ ಬಾಂಡಿಗೆ ಜಾಮೀನು ನಿಂತವರನ್ನು, ಕ್ರಯಪತ್ರದ ಸಾಕ್ಷಿಗಳನ್ನು, ಮಕ್ಕಳಿಗೆ ಇಟ್ಟ ಹೆಸರುಗಳನ್ನು, ನೆರೆಯ ಜಮೀನುಗಳನ್ನು ನೋಡಬೇಕು. ಆದರೆ ಇವು ದಾರಿ ತೋರಿಸುತ್ತವೆ, ರುಜುವಾತು ಮಾಡುವುದಿಲ್ಲ. ನ್ಯಾನ್ಸಿಯ ಬಾಂಡಿನಲ್ಲಿ ರಿಚರ್ಡ್ ಬೆರಿ ಎಂಬವನು ಪಾಲಕ ಎಂಬ ಅರ್ಥದ ಪದವನ್ನು ತಪ್ಪು ಕಾಗುಣಿತದಲ್ಲಿ ಬರೆದು ಸಹಿ ಮಾಡಿದ್ದಾನೆ. ಬೆರಿ ಮನೆತನಕ್ಕೂ ಶಿಪ್ಲೆ ಮನೆತನಕ್ಕೂ ಮದುವೆಯ ಸಂಬಂಧವಿದ್ದುದರಿಂದ, ನ್ಯಾನ್ಸಿಯ ತಾಯಿ ಲೂಸಿ ಹುಟ್ಟಿನಿಂದ ಶಿಪ್ಲೆಯವಳು, ಜೇಮ್ಸ್ ಹ್ಯಾಂಕ್ಸ್ ಎಂಬವನ ವಿಧವೆ ಎಂದು ಒಂದು ಪಕ್ಷ ವಾದಿಸಿತು. ಇನ್ನೊಂದು ಪಕ್ಷದ ಪ್ರಕಾರ ಲೂಸಿ ಹುಟ್ಟಿನಿಂದಲೇ ಹ್ಯಾಂಕ್ಸ್, ಉಯಿಲು ಬರೆಸಿದ ಜೋಸೆಫ್ ಮತ್ತು ಅವನ ಹೆಂಡತಿ ಆನ್ ಲೀ ಅವರ ಮಗಳು, ಮದುವೆಗೆ ಮುಂಚೆ ನ್ಯಾನ್ಸಿಯನ್ನು ಹೆತ್ತವಳು. ತಮ್ಮ ತಾಯಿ ನ್ಯಾನ್ಸಿ ಲೂಸಿಗೆ ವಿವಾಹಬಾಹಿರವಾಗಿ ಹುಟ್ಟಿದವರೆಂದು ಲಿಂಕನ್ನರೇ ತಮಗೆ ಹೇಳಿದ್ದಾಗಿ ಅವರ ವಕೀಲಿ ಪಾಲುದಾರ ವಿಲಿಯಂ ಹರ್ನ್‌ಡನ್ ಬರೆದಿಟ್ಟಿದ್ದಾರೆ; ಬಂಧುವಾದ ಡೆನ್ನಿಸ್ ಹ್ಯಾಂಕ್ಸ್ ಅದನ್ನು ಅಲ್ಲಗಳೆದ. ಜೋಸೆಫ್‌ನ ಉಯಿಲಿನಲ್ಲಿ ಲೂಸಿಯ ಹೆಸರೇ ಇಲ್ಲ. ಮನೆತನದ ಮಾನದ ಪ್ರಶ್ನೆಯಿರುವಲ್ಲಿ ಹೇಳುವವರಿಗೆ ಯಾವ ಉತ್ತರ ಅನುಕೂಲವಾಗಿತ್ತೆಂದು ಕೇಳಿಕೊಂಡೇ ಮಾತಿನ ತೂಕ ಹಾಕಬೇಕು.

ಲಕ್ಷಣ: ವಂಶ 1870ಕ್ಕೆ ಬಂದು ನಿಂತುಬಿಡುತ್ತದೆ

ಗುಲಾಮಗಿರಿಗೆ ಒಳಗಾಗಿದ್ದ ಆಫ್ರಿಕನ್ ಅಮೆರಿಕನ್ ಕುಟುಂಬಗಳ ಬಹುಪಾಲು ಹುಡುಕಾಟಗಳು ಎದುರಿಸುವ ಗೋಡೆಯಿದು. 1850 ಮತ್ತು 1860ರ ಪ್ರತ್ಯೇಕ ಪಟ್ಟಿಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ ಇವೆ, ಹೆಸರು ಇರುವುದಿಲ್ಲವೆಂದೇ ಹೇಳಬೇಕು. ಅವರ ಹೆಸರುಗಳು ಜನಗಣತಿಗೆ ಬಂದದ್ದು 1870ರಲ್ಲಿ. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸಬೇಕೆಂದು ವರ್ಜೀನಿಯ 1662ರಲ್ಲೇ ಕಾನೂನು ಮಾಡಿದ್ದರಿಂದ ತಂದೆಯ ಹೆಸರು ಬರೆಯುವ ಅಗತ್ಯವೇ ಮಾಲೀಕರಿಗೆ ಕಾಣಲಿಲ್ಲ. ಇಲ್ಲಿ ಮೊದಲು ಕೊನೆಯ ಮಾಲೀಕನನ್ನು ಗುರುತಿಸಿ, ಅವನ ಕುಟುಂಬದ ಉಯಿಲು, ಆಸ್ತಿಯ ಪಟ್ಟಿ, ಮಾರಾಟದ ಪತ್ರಗಳಲ್ಲಿ ತಾಯಿ ಮಕ್ಕಳ ಗುಂಪುಗಳನ್ನು ಹುಡುಕಬೇಕು. ವಿಮೋಚಿತರಿಗಾಗಿ 1865ರಲ್ಲಿ ಸ್ಥಾಪನೆಯಾದ ಫ್ರೀಡ್‌ಮೆನ್ಸ್ ಬ್ಯೂರೋದ ಕಡತಗಳಲ್ಲಿ ಮದುವೆ, ಕೂಲಿ ಕರಾರುಗಳ ವಿವರಗಳಿವೆ. ಓದುವಾಗ ಮನಸ್ಸು ಕಲಕುವ ದಾಖಲೆಗಳಿವು. ಕುಟುಂಬದ ಹಿರಿಯರೊಂದಿಗೆ ಹಂಚಿಕೊಳ್ಳುವ ಮುನ್ನ ಅವರ ಒಪ್ಪಿಗೆ ಕೇಳುವುದು ಒಳ್ಳೆಯದು.

ಲಕ್ಷಣ: ಕಾಗದಗಳು ಮುಗಿದವು, ಎರಡು ಸಾಧ್ಯತೆಗಳು ಉಳಿದಿವೆ

ಡಿಎನ್‌ಎ ಪರೀಕ್ಷೆಗೆ ಹೋಗಬೇಕಾದದ್ದು ಈಗ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬಂದು ಹೆಣ್ಣುಮಕ್ಕಳ ಮೂಲಕ ಮುಂದುವರಿಯುತ್ತದೆ. ಉಳಿದ ವರ್ಣತಂತುಗಳಲ್ಲಿ ಒಬ್ಬ ಪೂರ್ವಜನ ಪಾಲು ತಲೆಮಾರಿನಿಂದ ತಲೆಮಾರಿಗೆ ಸುಮಾರು ಅರ್ಧದಷ್ಟಾಗುತ್ತ ಹೋಗುವುದರಿಂದ ಹದಿನೆಂಟನೆಯ ಶತಮಾನದ ಪ್ರಶ್ನೆಗೆ ಅವು ಒಂಟಿಯಾಗಿ ಉತ್ತರಿಸುವುದು ಅಪರೂಪ.

ಹಣ ಕೊಡುವ ಮುನ್ನ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ಸತ್ತಳು, ಮಗುವೂ ಉಳಿಯಲಿಲ್ಲ. ಅಲ್ಲಿಗೆ ನ್ಯಾನ್ಸಿಯ ಹೆಣ್ಣು ಸಂತತಿ ಮುಗಿಯಿತು. ಹಾಗಾಗಿ 2015ರಲ್ಲಿ ಪ್ರಕಟವಾದ ಮೈಟೊಕಾಂಡ್ರಿಯ ಅಧ್ಯಯನ ಲೂಸಿಯ ಇತರ ಹೆಣ್ಣುಮಕ್ಕಳ ವಂಶದವರನ್ನು, ಆನ್ ಲೀ ಮತ್ತು ಶಿಪ್ಲೆ ಸೋದರಿಯರ ಹೆಣ್ಣು ವಂಶದವರೊಂದಿಗೆ ಹೋಲಿಸಿ ನೋಡಿತು. ಲೂಸಿ ಆನ್ ಲೀಯ ಮಗಳು, ಶಿಪ್ಲೆಯಲ್ಲ ಎಂಬ ನಿರ್ಣಯಕ್ಕೆ ಬಂತು. ಉಯಿಲು ಬಿಟ್ಟ ಮಗಳನ್ನು ರಕ್ತ ಸೇರಿಸಿಕೊಂಡಿತು. ಆದರೆ ನ್ಯಾನ್ಸಿ ಲೂಸಿಯ ಮಗಳೆಂಬುದನ್ನು ಆ ಪರೀಕ್ಷೆ ತೋರಿಸಲಿಲ್ಲ, ತೋರಿಸಲೂ ಸಾಧ್ಯವಿರಲಿಲ್ಲ. ಆ ಗೆರೆ ಇಂದಿಗೂ ಸಾಕ್ಷಿಗಳ ಮಾತಿನ ಮೇಲೆಯೇ ನಿಂತಿದೆ.

ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರು ತಮ್ಮ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ರ ಮಕ್ಕಳ ತಂದೆಯೇ ಎಂಬ ಪ್ರಶ್ನೆಗೆ 1998ರಲ್ಲಿ ನಡೆದ ವೈ ವರ್ಣತಂತು ಪರೀಕ್ಷೆಯ ಮಿತಿಯೂ ಇಂಥದೇ. ಥಾಮಸ್ ಜೆಫರ್ಸನ್ನರಿಗೆ ಬದುಕುಳಿದ ಗಂಡುಮಕ್ಕಳು ಮದುವೆಯಿಂದ ಇರಲಿಲ್ಲವಾದ್ದರಿಂದ ಅವರ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬನಾದ ಫೀಲ್ಡ್ ಜೆಫರ್ಸನ್ನನ ವಂಶದವರನ್ನು ಸ್ಯಾಲಿ ಹೆಮಿಂಗ್ಸ್‌ರ ಕಿರಿಯ ಮಗ ಎಸ್ಟನ್‌ನ ವಂಶದವನೊಂದಿಗೆ ಹೋಲಿಸಿದರು, ಹೊಂದಿಕೆಯಾಯಿತು. ಎಸ್ಟನ್‌ನ ತಂದೆ ಜೆಫರ್ಸನ್ ಮನೆತನದ ಗಂಡಸು ಎಂಬಲ್ಲಿಗೆ ವೈ ವರ್ಣತಂತುವಿನ ಮಾತು ಮುಗಿಯುತ್ತದೆ. ಸ್ಯಾಲಿ ಗರ್ಭ ಧರಿಸಿದ ಸಮಯಗಳಲ್ಲಿ ಜೆಫರ್ಸನ್ ತಮ್ಮ ಮನೆಯಾದ ಮಾಂಟಿಚೆಲ್ಲೊದಲ್ಲಿ ಇದ್ದದ್ದು, ಮತ್ತೊಬ್ಬ ಮಗ ಮ್ಯಾಡಿಸನ್ 1873ರಲ್ಲಿ ಪತ್ರಿಕೆಗೆ ಕೊಟ್ಟ ಹೇಳಿಕೆ ಇವು ಸೇರಿದಾಗಲೇ ಆ ಗಂಡಸು ಯಾರೆಂಬ ತೀರ್ಮಾನ ಬಂದದ್ದು.

ಎಚ್ಚರಿಕೆ: ಇನ್ನೂರು ವರ್ಷ ಹಿಂದಿನ ಪ್ರಶ್ನೆಗೆ ಮಾಡಿಸಿದ ಪರೀಕ್ಷೆ ಇಂದು ಬದುಕಿರುವವರ ತಂದೆ ಯಾರೆಂಬ ಸಂಗತಿಯನ್ನೂ ಹೊರಗೆಡಹಬಹುದು. ಪರೀಕ್ಷೆಗೆ ಒಪ್ಪಿದ ಬಂಧುವಿಗೆ ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬದುಕಿರುವವರ ವಿವರಗಳನ್ನು ಬಹಿರಂಗವಾಗಿ ಹಾಕಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಹಳೆಯ ಕೈಬರಹ ಓದಲಾಗದಿದ್ದಾಗ, ಸುಟ್ಟುಹೋದ ಕೌಂಟಿಯಲ್ಲಿ ಪರ್ಯಾಯ ದಾಖಲೆ ತಿಳಿಯದಿದ್ದಾಗ, ಅಥವಾ ಒಂದಕ್ಕೊಂದು ವಿರುದ್ಧವಾದ ಎರಡು ಬಲವಾದ ದಾಖಲೆಗಳು ಎದುರಾದಾಗ ಒಬ್ಬರೇ ಮುಂದುವರಿಯಬೇಡಿ. ಬಾಸ್ಟನ್ನಿನಲ್ಲಿ 1845ರಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ, ಸಾಲ್ಟ್ ಲೇಕ್ ಸಿಟಿಯ ವಂಶಚರಿತ್ರೆ ಗ್ರಂಥಾಲಯ, ಆಯಾ ರಾಜ್ಯದ ಪತ್ರಾಗಾರ ಇವುಗಳಲ್ಲಿ ಅನುಭವಿಗಳಿದ್ದಾರೆ. ಶುಲ್ಕ ಕೊಟ್ಟು ಸಂಶೋಧಕರನ್ನು ನೇಮಿಸಿಕೊಳ್ಳುವುದಾದರೆ 1964ರಿಂದ ಪ್ರಮಾಣಪತ್ರ ನೀಡುತ್ತ ಬಂದಿರುವ ಬೋರ್ಡ್ ಫಾರ್ ಸರ್ಟಿಫಿಕೇಶನ್ ಆಫ್ ಜೀನಿಯಲಾಜಿಸ್ಟ್ಸ್ ಎಂಬ ಮಂಡಳಿಯ ಮಾನ್ಯತೆ ಇದೆಯೇ ಎಂದು ನೋಡಿ. ಅವರಿಗೆ ಮೊದಲ ಸಂಜೆ ಮಾಡಿದ ಹಾಳೆಯ ಜೊತೆಗೆ, ಹುಡುಕಿಯೂ ಸಿಗದ ದಾಖಲೆಗಳ ಪಟ್ಟಿಯನ್ನೂ ಕೊಟ್ಟರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತವೆ.

ಎಲ್ಲ ಪರೀಕ್ಷೆಗಳ ನಂತರವೂ ಗೆರೆ ಖಚಿತವಾಗದಿದ್ದರೆ ಅದನ್ನು ಹಾಗೆಯೇ ಬರೆದಿಡಬೇಕು. ತಾಯಿ ಬಹುಶಃ ಇಂಥವಳು, ಆಧಾರ ಇವು, ವಿರುದ್ಧವಾದ ಸಾಕ್ಷ್ಯ ಇದು ಎಂದು ವಂಶವೃಕ್ಷದ ಟಿಪ್ಪಣಿಯಲ್ಲಿ ನಮೂದಿಸಿ, ತಂದೆಯ ಜಾಗವನ್ನು ಖಾಲಿ ಬಿಡಿ. ನ್ಯಾನ್ಸಿ ಹ್ಯಾಂಕ್ಸ್‌ರ ವಂಶವೃಕ್ಷದಲ್ಲಿ ತಾಯಿಯ ಜಾಗದಲ್ಲಿ ಲೂಸಿಯ ಹೆಸರನ್ನು ಇಷ್ಟು ಆಧಾರಗಳೊಂದಿಗೆ ಬರೆಯಬಹುದು. ತಂದೆಯ ಜಾಗದಲ್ಲಿ ಬರೆಯಲು ರುಜುವಾತಾದ ಯಾವ ಹೆಸರೂ ಈವರೆಗೆ ಇಲ್ಲ.